ಹಗ್ಗದ ಮುಂದೆ ಹಾಸಿದ ಕೌದಿ

ನಾನು ಒಂದು ಕೌದಿ. ಹುಟ್ಟುವ ಮೊದಲೇ ಎಷ್ಟೋ ಮಂದಿಯ ಮೈಮೇಲಿದ್ದೆ: ಅಜ್ಜಿಯೊಬ್ಬಳ ಇಳಕಲ್ ಸೀರೆ, ಅಜ್ಜನ ಧೋತರ, ಯಾವುದೋ ಕೂಸಿನ ಕುಂಚಿಗೆ. ಗಿರಿಯವ್ವ ಎಂಬ ಮುದುಕಿ ಅವನ್ನೆಲ್ಲ ಒಂದರ ಮೇಲೊಂದು ಹಾಸಿ, ಹುಲಿಗೆಮ್ಮ ದೇವಿಯನ್ನು ನೆನೆಯುತ್ತ ಹೊಲಿದಳು. ಕೊನೆಯ ಮೂಲೆ ಮುಚ್ಚುವ ಮುನ್ನ ಒಳಗೊಂದು ಹೋಳಿಗೆಯ ಚೂರು ಇಟ್ಟಳು. ಕೌದಿಯ ಹೊಟ್ಟೆ ತುಂಬಿದ್ದರೆ ಹೊದ್ದವರ ಹೊಟ್ಟೆಯೂ ತುಂಬುತ್ತದೆಂಬ ನಂಬಿಕೆ. ಹಾಗೆ, ಉಂಡೇ ಹುಟ್ಟಿದವಳು ನಾನು.

ದೇವಿಯ ಹೆಸರನ್ನೇ ಇಟ್ಟ ಮಗಳು ಹುಲಿಗೆವ್ವನಿಗೆ ಗಿರಿಯವ್ವ ನನ್ನನ್ನು ಕೊಟ್ಟಳು. ಹುಲಿಗೆವ್ವ ಬಲು ಬಾಯಿಯವಳು. ಆಕೆ ಕುಳಿತಲ್ಲಿ ನಗೆ ಇರುತ್ತಿತ್ತು. ಸುಗ್ಗಿ ಮುಗಿದ ಮೇಲೆ ಗಂಡ ಯಮನೂರಪ್ಪನ ಜೊತೆ ಘಟ್ಟದ ಕೆಳಗಿನ ರಸ್ತೆ ಕೆಲಸಕ್ಕೆ ಹೊರಟಳು. ಓಣಿಯ ಮಂದಿಯೆಲ್ಲ ಒಂದೇ ಟೆಂಪೋದಲ್ಲಿ. ನಾನು ಆಕೆಯ ತೊಡೆಯ ಮೇಲೆ.

ಘಟ್ಟದ ತಿರುವಿನಲ್ಲಿ ರಸ್ತೆಗೆ ಅಡ್ಡವಾಗಿ ಹಗ್ಗ ಕಟ್ಟಿ ನಾಲ್ಕಾರು ಗಂಡಸರು ವಸೂಲಿಗೆ ನಿಂತಿದ್ದರು. ಬೂಟು ಹಾಕಿದವನೊಬ್ಬ ಬೆತ್ತದಿಂದ ಟೆಂಪೋ ಬಡಿದ.

"ದುಡಿಯೋಕೆ ಹೊರಟೋರು ತಲೆಗಿಷ್ಟು ದುಡ್ಡು ಬಿಚ್ಚಿ. ಇಲ್ಲಾಂದ್ರೆ ವಾಪಸ್ ನಡೀರಿ."

ಎಲ್ಲರೂ ಗಂಟು ಬಿಚ್ಚಿ ಕೊಟ್ಟರು. ಅವನು ನನ್ನ ಮೂಲೆ ಹಿಸುಕಿದ. ಗಟ್ಟಿಯಾದದ್ದೇನೋ ತಗುಲಿತು.

"ಏನೇ, ದುಡ್ಡು ಹೊಲ್ಕೊಂಡಿದ್ದೀಯಾ?"

"ಹೋಳಿಗಿ ಐತ್ರಿ ಯಪ್ಪಾ, ಕೌದಿ ಪಾಲಿಂದು."

ನಂಬಲಿಲ್ಲ. ಚಾಕು ಹಾಕಿ ಸೀಳಿದ. ಒಣಗಿದ ಚೂರು ಮಣ್ಣಿಗೆ ಬಿತ್ತು. ಅವನ ಜೊತೆಯವರೇ ಕೇಕೆ ಹಾಕಿ ನಕ್ಕರು. ಆ ಸಿಟ್ಟಿಗೆ ಅವನು ಹುಲಿಗೆವ್ವನ ಕೆನ್ನೆಗೆ ಬಾರಿಸಿ ಕೊರಳ ಬಂಗಾರದ ಗುಂಡು ಕಿತ್ತುಕೊಂಡ. ಯಮನೂರಪ್ಪ ನೆಲ ನೋಡುತ್ತ ನಿಂತ.

ಅಂದಿನಿಂದ ಆಕೆಯ ಬಾಯಿ ಕಟ್ಟಿತು. ಯಾರ ಬೂಟಿನ ಸಪ್ಪಳ ಕೇಳಿದರೂ ನನ್ನನ್ನು ಮುಸುಕಾಗಿ ಎಳೆದುಕೊಳ್ಳುವಳು. ಕಣ್ಣು ಹತ್ತಿದರೆ "ಹೋಳಿಗಿ ಐತ್ರಿ" ಎಂದು ಬೆಚ್ಚಿ ಏಳುವಳು. ದೆವ್ವ ಬಡಿದಿದೆಯೆಂದು ಯಮನೂರಪ್ಪ ತಾಯತ ಕಟ್ಟಿಸಿದ. ದೆವ್ವ ಬೂಟು ಹಾಕುತ್ತದೆಯೇ? ಕೆಲಸದವರ ಗುಡಿಸಲುಗಳ ಕಡೆ ಬರುತ್ತಿದ್ದ ನರ್ಸಮ್ಮ ಮಾತ್ರ ಪಕ್ಕ ಕುಳಿತು, "ಇದು ಮನಸಿಗಾದ ಗಾಯ, ಮಾರಾಯ್ತಿ. ಒಳಗೇ ಇಟ್ಕೋಬೇಡ" ಎಂದಳು. ಹುಲಿಗೆವ್ವ ಹೇಳತೊಡಗಿದಳು. ಕೇಳುತ್ತ ಕುಳಿತ ಹೆಂಗಸರೂ ತಮ್ಮ ತಮ್ಮ ಹಗ್ಗದ ಕಥೆ ತೆಗೆದರು. ಒಬ್ಬಳಿಗೂ ಹಗ್ಗ ತಪ್ಪಿರಲಿಲ್ಲ.

ಕೆಲಸ ಮುಗಿಸಿ ಊರಿಗೆ ಮರಳುವಾಗ ಅದೇ ತಿರುವು, ಅದೇ ಹಗ್ಗ. ನೆತ್ತಿ ಸುಡುವ ಬಿಸಿಲು. ಬೂಟಿನವನನ್ನು ಕಂಡದ್ದೇ ಹುಲಿಗೆವ್ವ ನನ್ನನ್ನು ತಲೆಯ ಮೇಲೆ ಎಳೆದುಕೊಂಡಳು. ಆದರೂ ಇಳಿದಳು. ನನ್ನನ್ನು ನಡುರಸ್ತೆಯಲ್ಲಿ ಹಾಸಿ ಕುಳಿತಳು.

"ಕೊಡಂಗಿಲ್ಲ."

"ಏಳೇ! ಹುಚ್ಚು ಹಿಡಿದಿದ್ಯಾ?"

"ಹೂಂ. ಹಿಡಿಸಿದಾಂವ ನೀನ. ಈಗ ಬಾ, ಬಿಡಿಸು."

ಬೆತ್ತ ಮೇಲೆದ್ದಿತು. ಅಷ್ಟರಲ್ಲಿ ಯಮನೂರಪ್ಪ ಧುಮುಕಿ ಬಂದು ಆಕೆಯ ಪಕ್ಕ ಕುಳಿತ. ಒಬ್ಬೊಬ್ಬರಾಗಿ ಟೆಂಪೋ ಬರಿದಾಯಿತು. ಹಿಂದೆ ಸಾಲುಗಟ್ಟಿದ ಲಾರಿಗಳವರೂ ಹಾರನ್ ಬಾರಿಸುವುದು ಬಿಟ್ಟು ಇಳಿದು ಬಂದು ನಿಂತರು. ಬೂಟಿನವನು ಸುತ್ತ ನೋಡಿದ. ಬೈಯುತ್ತ ಬೈಯುತ್ತ ಹಗ್ಗದ ಗಂಟನ್ನು ತಾನೇ ಬಿಚ್ಚಿದ.

ಈಗ ನನಗೆ ಮುಪ್ಪು. ಮೊದಲ ಸಲ ದುಡಿಯಲು ಹೋಗುವ ಹೆಂಗಸರು ಬೇಡಿ ಒಯ್ದು ಒಯ್ದು ನನ್ನ ಅಂಚೆಲ್ಲ ಜಾಳಾಗಿದೆ. ಹುಲಿಗೆವ್ವನ ಪಡಸಾಲೆಯ ಮೂಲೆಯೇ ನನ್ನ ಜಾಗ. ದೇವಿ ಒಲಿದರೆ ಅಂಜಿಕೆ ಅಳಿಯುತ್ತದೆಂದು ನಾನು ತಿಳಿದಿದ್ದೆ. ಮೊನ್ನೆ ನನ್ನನ್ನು ಬೇಡಿ ಒಯ್ಯಲು ಬಂದ ಓಣಿಯ ಹೊಸ ಸೊಸೆ ದುರಗವ್ವ ಅದನ್ನೇ ಕೇಳಿದಳು.

"ಚಿಗವ್ವಾ, ನಿನ್ನ ಅಂಜಿಕಿ ಹೋತೇನು?"

"ಎಲ್ಲಿ ಹೋಗ್ತೈತಿ? ಬಾಜೂಕ ಕುಂತೈತಿ ನೋಡು," ಎಂದಳು ಹುಲಿಗೆವ್ವ. "ಕುಂದರ್ಲಿ. ನಾನೂ ಏಳಂಗಿಲ್ಲ."