ತಂತಿ ಇಲ್ಲದ ಸ್ವಿಚ್ಚು

ಕಿಟಕಿಯಾಚೆ ಎದುರು ಕಟ್ಟಡಕ್ಕೆ ಬಣ್ಣ ಬಳಿಯುವವನ ಕೈ ಮೇಲೆ ಕೆಳಗೆ, ಮೇಲೆ ಕೆಳಗೆ, ಗೋಡೆಯನ್ನು ತಟ್ಟಿ ಮಲಗಿಸುತ್ತಿರುವ ಹಾಗೆ, ನನಗೂ ಕಣ್ಣು ಎಳೆಯುತ್ತಿದೆ, ಮಧ್ಯಾಹ್ನದ ಊಟ ಹೊಟ್ಟೆಯಲ್ಲಿ ಇನ್ನೂ ಬೆಚ್ಚಗಿದೆ, ಪರದೆಯ ಮೇಲೆ ಆ ಫೈಲು — ಫೈಲು ಅನ್ನುವುದೂ ಹೆಚ್ಚೇ, ಕರ್ನಲ್ಲು ಕಂಪ್ಯೂಟರಿನ ಒಳಮನೆಯಾದರೆ ಇದು ಹೊರಗಿನ ಪ್ರೋಗ್ರಾಮುಗಳು ಬಂದು ಕೇಳಲೆಂದು ಬಿಟ್ಟ ಒಂದು ಕಿಂಡಿ, ಯಾವುದೋ ಕಾಲದ ಫ್ಯಾನಿನ ವೇಗ ಹೇಳುತ್ತಿತ್ತು, ಆ ಫ್ಯಾನೇ ಈಗಿಲ್ಲ, ಯಾರು ಕೇಳಿದರೂ ಸೊನ್ನೆ, ನಿದ್ದೆಗಣ್ಣಲ್ಲಿ ಹೂಂಗುಟ್ಟುವವರ ಹಾಗೆ ಸೊನ್ನೆ. ಇವತ್ತು ಅದನ್ನು ಅಳಿಸಬೇಕು. ಪಕ್ಕದ ಕುರ್ಚಿಯ ಗಡ್ಡದವನದು ಬೆಳಿಗ್ಗೆಯಿಂದ ಇದೇ ರಾಗ, ಸತ್ತ ಗಿಡಕ್ಕೆ ಇನ್ನೂ ಎಷ್ಟು ದಿನ ನೀರು ಹಾಕ್ತೀರ ಮೇಡಂ, ಕಿತ್ತು ಬಿಸಾಕಿ. ನಾವೆಲ್ಲ ದೊಡ್ಡಮ್ಮ ಅನ್ನುವ ಹಿರಿಯ ಎಂಜಿನಿಯರು ಮಾತ್ರ ಕನ್ನಡಕ ಒರೆಸುತ್ತಾ, ಒಳಗೆ ಏನ್ ಬೇಕಾದ್ರೂ ಮಾಡ್ಕೊ ಕಣೆ, ಹೊರಗಿನವರ ಪ್ರೋಗ್ರಾಂ ನಿಂತ್ರೆ ತಪ್ಪು ನಮ್ದೇ, ಮೊದಲು ಅದನ್ನ ಯಾರು ಮುಟ್ತಾರೆ ನೋಡು. ನೋಡಿದೆ ದೊಡ್ಡಮ್ಮ, ಒಂದೇ ಒಂದು ಸಿಕ್ಕಿತು, ಎಲ್ಲೋ ಒಂದು ಬಟ್ಟೆ ಕಾರ್ಖಾನೆಯ ಹಳೇ ಪ್ರೋಗ್ರಾಮು, ಮಗ್ಗ ಓಡಿಸುವ ಮುಂಚೆ ಈ ಕಿಂಡಿಯನ್ನು ಒಮ್ಮೆ ತಟ್ಟುತ್ತದೆ, ಉತ್ತರ ಏನೆಂದು ನೋಡುವುದೂ ಇಲ್ಲ, ಕಿಂಡಿ ಇದೆಯಾ, ಇದೆ, ಸರಿ, ಮುಂದೆ — ಉತ್ತರ ಬೇಡದವರು ಯಾಕೆ ತಟ್ಟಬೇಕು, ಎಂಥ ಪೆದ್ದು, ಬೆರಳು ಅಳಿಸುವ ಗುಂಡಿಯ ಮೇಲಿದೆ, ಒತ್ತಿದರೆ ಟಕ್ ಅನ್ನುತ್ತದೆ,

ಟಕ್. ಅಪ್ಪ. ಕಣ್ಣು ಹೋದಾಗಿನಿಂದ ಮಹಡಿಯ ಕೋಣೆಯಿಂದ ಹೊರಬಂದು, ಗೋಡೆ ಸವರುತ್ತಾ, ಮೆಟ್ಟಿಲ ತಲೆಯಲ್ಲಿರುವ ಆ ಹಳೇ ಸ್ವಿಚ್ಚನ್ನು ಟಕ್ ಅನ್ನಿಸಿಯೇ ಇಳಿಯುತ್ತಾರೆ, ಅಪ್ಪಾ ಅದಕ್ಕೆ ಲೈಟೇ ಇಲ್ಲ ಅಂದರೆ, ನನಗ್ಯಾಕಮ್ಮ ಲೈಟು, ಇಬ್ಬರೂ ನಕ್ಕೆವು, ಆಗ ಹೊಳೆಯಲಿಲ್ಲ, ಗೋಡೆ ಅಲ್ಲಿಗೆ ಮುಗಿಯುತ್ತದೆ, ಅಲ್ಲಿಂದ ಮೆಟ್ಟಿಲು ಶುರು, ಅಷ್ಟೇ ಬೇಕಾಗಿತ್ತು ಅವರಿಗೆ, ಬೆಳಕಲ್ಲ. ಮತ್ತೆ ಇವತ್ತು ಬೆಳಿಗ್ಗೆ ಫೋನಿನಲ್ಲಿ, ಮನೆಯಲ್ಲಿ ವೈರಿಂಗ್ ಬದಲಾಯಿಸುತ್ತಿರುವ ಎಲೆಕ್ಟ್ರಿಷಿಯನ್, ಅಕ್ಕಾ, ಮೆಟ್ಟಿಲ ಹತ್ರ ಒಂದು ಸ್ವಿಚ್ಚಿದೆ, ವೈರೇ ಇಲ್ಲ, ಕಿತ್ತು ಸಿಮೆಂಟ್ ಬಳಿದುಬಿಡ್ಲಾ, ನಾನು, ಕೀಳಿ, ಯಾರಿಗೆ ಬೇಕು ಅದು. ಯಾರಿಗೆ ಬೇಕು. ಗುಂಡಿಯಿಂದ ಬೆರಳು ತೆಗೆದೆ, ಇರಲಿ, ಸೊನ್ನೆ ಹೇಳುತ್ತಾ ಅಲ್ಲೇ ಇರಲಿ, ಎಲೆಕ್ಟ್ರಿಷಿಯನ್‌ಗೆ ಫೋನು, ಎತ್ತು ಮಾರಾಯ, ಎತ್ತಿದ, ಆಯ್ತಕ್ಕಾ, ಮುಗಿಸಿ ಹೊರಟುಬಿಟ್ಟೆ, ತಾತ ಮಲಗಿದ್ರು ಅಂತ ಎಬ್ಬಿಸ್ಲಿಲ್ಲ, ಗೋಡೆ ಏನ್ ನೈಸಾಗಿದೆ ಅಂತೀರಾ, ಕೈಲಿ ಸವರಿದ್ರೂ ಅಲ್ಲೊಂದು ಸ್ವಿಚ್ಚಿತ್ತು ಅಂತ ಗೊತ್ತಾಗಲ್ಲ. ಮನೆಗೆ ಮಾಡಿದೆ, ರಿಂಗಾಗುತ್ತಿದೆ, ಎದ್ದೇಳಬೇಡಿ ಅಪ್ಪಾ ಎಂದು ಹೇಳಬೇಕು, ಅಷ್ಟು ಹೇಳಿದರೆ ಸಾಕು, ಎತ್ತಿ, ಎತ್ತಿ — ಫೋನಿರುವುದು ಕೆಳಗೆ. ಕೆಳಗೆ. ಕತ್ತರಿಸಿದೆ. ಎದ್ದಿರಬಹುದು, ಎದ್ದಿಲ್ಲದಿರಬಹುದು, ಬಂದೆ ಬಂದೆ ಅನ್ನುತ್ತಾ ಬಾಗಿಲು ದಾಟಿರಬಹುದು, ಕಿಟಕಿಯಾಚೆ ಬಣ್ಣದವನ ಕೈ ಗೋಡೆಯ ಮೇಲೆ, ಒದ್ದೆ ಗೋಡೆ, ನುಣ್ಣನೆ ಗೋಡೆ, ಕೈ ಮೇಲೆ ಕೆಳಗೆ ಹುಡುಕುತ್ತಿದೆ, ಇನ್ನೂ ಸ್ವಲ್ಪ ಮುಂದಿರಬೇಕು, ಇನ್ನೂ ಸ್ವಲ್ಪ, ನುಣ್ಣನೆ ಗೋಡೆಯ ಮೇಲೆ ಕೈ,