ನೀಲಿ ಅಂಗಿಯ ಪಕ್ಕದ ಹೊಲಿಗೆ

ನಮ್ಮ ಮನೆಯ ಮುಂದಿನ ಕೋಣೆಯೇ ಅಮ್ಮನ ಹೊಲಿಗೆ ಅಂಗಡಿ. ಒಂದು ಮೆಷಿನ್ನು, ಬಟ್ಟೆ ಕತ್ತರಿಸುವ ಮೇಜು, ಮೂಲೆಯ ಸ್ಟೂಲಿನ ಮೇಲೆ ಕಾಜಾ ಅತ್ತೆ. ಅತ್ತೆ ಅಂದರೆ ಸಂಬಂಧವೇನಿಲ್ಲ. ಇಡೀ ದಿನ ಗುಂಡಿ ಹಚ್ಚುತ್ತ, ಗುಂಡಿ ತೂರಿಸುವ ಕಾಜಾ ಹೊಲಿಯುತ್ತ ಕೂರುವ ಆ ಹೆಂಗಸಿಗೆ ಬೀದಿಯವರು ಇಟ್ಟ ಹೆಸರು. ಅವಳ ಸೂಜಿ ನಿಂತರೂ ಬಾಯಿ ನಿಲ್ಲುತ್ತಿರಲಿಲ್ಲ.

ನನಗಾಗ ಏಳು ವರ್ಷ. ಅಮ್ಮನ ಹೊಟ್ಟೆ ಮುಂದೆ ಬಂದು ಮೆಷಿನ್ನಿನ ಹಲಗೆಗೆ ತಾಗತೊಡಗಿತ್ತು. ತನ್ನ ನೀಲಿ ಅಂಗಿಯ ಪಕ್ಕದ ಹೊಲಿಗೆಯನ್ನು ಅವಳು ಆಗಾಗ ಬಿಚ್ಚಿ, ಒಳಗೆ ಮಡಚಿದ್ದ ಬಟ್ಟೆಯಲ್ಲಿ ಒಂದೊಂದು ಬೆರಳಷ್ಟು ಬಿಟ್ಟು ಮತ್ತೆ ಹೊಲಿಯುತ್ತಿದ್ದಳು.

"ಅಮ್ಮಾ, ಪಾಪು ಎಲ್ಲಿಂದ ಬರುತ್ತೆ?"

ಅಮ್ಮನ ತುಟಿಗಳ ನಡುವೆ ಗುಂಡುಸೂಜಿಗಳಿದ್ದವು. ಸುಮ್ಮನಿರಲು ಅಷ್ಟು ನೆಪ ಸಾಕಿತ್ತು. ಉತ್ತರ ಸ್ಟೂಲಿನಿಂದ ಬಂತು.

"ಕಣ್ಣಿಗೆ ಕಾಣಲ್ವೇನೇ? ನಿಮ್ಮಮ್ಮ ಬಟ್ಟೆ ಬಿಟ್ಟ ಹಾಗೆಲ್ಲ ಅದು ಬೆಳೆಯುತ್ತೆ. ಬಿಡೋ ಬಟ್ಟೆ ಮುಗೀತು ಅನ್ನು, ಹೊರಗೆ ಬಂತು!"

"ಬಿಡದೇ ಇದ್ರೆ?"

"ಅಲ್ಲೇ ಕೂತಿರುತ್ತೆ, ನಿನ್ನ ಹಾಗೆ ಮೊಂಡು ಹಿಡ್ಕೊಂಡು."

ಅಳತೆ ಕೊಡಲು ಬಂದಿದ್ದ ಟೀಚರಮ್ಮ ಬಿದ್ದು ಬಿದ್ದು ನಕ್ಕರು. ಅಮ್ಮನೂ ನಕ್ಕಳು. ನನಗೆ ಮಾತ್ರ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಹಳೇ ಫ್ರಾಕಿನ ಅಂಚು ಬಿಚ್ಚಿದ ವರ್ಷವೇ ಅಲ್ಲವೇ ನಾನೂ ಉದ್ದ ಆಗಿದ್ದು?

ಶಾಲೆಯ ವಾರ್ಷಿಕೋತ್ಸವಕ್ಕೆಂದು ಅಮ್ಮ ನನಗೊಂದು ಹಳದಿ ಫ್ರಾಕು ಕತ್ತರಿಸಿಟ್ಟಿದ್ದಳು. ತುಂಡುಗಳು ಗಂಟಾಗಿ ಶೆಲ್ಫಿನ ಮೇಲೇ ಕೂತಿದ್ದವು. ಕೇಳಿದಾಗಲೆಲ್ಲ "ಗಿರಾಕಿಗಳದ್ದು ಮುಗೀಲಿ ಕಣೆ" ಅನ್ನುತ್ತಿದ್ದಳು. "ಮಗು ಬಂದ್ಮೇಲೆ ಅವಳೆಲ್ಲಿ ಮೆಷಿನ್ ಮುಟ್ತಾಳೆ!" ಎಂದು ಅಪ್ಪ ಯಾರಿಗೋ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಪಾಪು ಒಂದೆರಡು ವಾರ ತಡವಾಗಿ ಬಂದರೆ ಸಾಕಿತ್ತು ನನಗೆ. ಒಂದು ಮಧ್ಯಾಹ್ನ ಕಾಜಾ ಅತ್ತೆ ಊಟಕ್ಕೆ ಹೋದಾಗ, ಅಮ್ಮ ಅಡ್ಡಾದಾಗ, ಒಣಗಿದ್ದ ನೀಲಿ ಅಂಗಿಯನ್ನು ತಂದು, ಬಿಚ್ಚಲು ಬಾರದಿರಲೆಂದು ಪಕ್ಕಕ್ಕೆ ಒಳಗಿನಿಂದ ಏಳು ಹೊಲಿಗೆ ಹಾಕಿದೆ. ಕೈಗೆ ಸಿಕ್ಕಿದ್ದು ಕೆಂಪು ದಾರ.

ಎರಡು ದಿನದ ಮೇಲೆ ಅಮ್ಮ ಅದನ್ನು ತೊಟ್ಟು, "ಆಗಲೇ ಬಿಗಿ ಆಯ್ತಲ್ಲ" ಅಂದಳು. ಸಂಜೆ ಅವಳನ್ನು ಅದೇ ಅಂಗಿಯಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಐದು ದಿನ ಬಿಟ್ಟು ಬರಿಗೈಯಲ್ಲಿ ಬಂದಳು. ಏನೂ ಕೇಳಬೇಡ ಎಂದು ಅಪ್ಪ ಕಣ್ಣಲ್ಲೇ ಹೇಳಿದ. ಕಾಜಾ ಅತ್ತೆ ತಲೆ ಎತ್ತದೆ ಗುಂಡಿ ಹಚ್ಚುತ್ತಿದ್ದಳು, ಒಂದೂ ಮಾತಿಲ್ಲದೆ.

ನಾನು ಊಟ ಬಿಟ್ಟೆ. ಅಂಗಡಿಯೊಳಗೆ ಕಾಲಿಡುವುದನ್ನೂ ಬಿಟ್ಟೆ. ಆಮೇಲೊಂದು ದಿನ ಅಮ್ಮ ನೀಲಿ ಅಂಗಿಯನ್ನು ಚಿಕ್ಕದು ಮಾಡಲೆಂದು ತಿರುವಿ ಹಾಕಿದಳು. ಕೆಂಪು ದಾರ ಕಂಡಿತು.

"ಇದ್ಯಾರು ಹಾಕಿದ್ದು?"

"ನಾನೇ... ತಡ ಆಗ್ಲಿ ಅಂತ ಅಷ್ಟೇ ಅಮ್ಮಾ. ಹೋಗ್ಲಿ ಅಂತ ಅಲ್ಲ."

ಕಾಜಾ ಅತ್ತೆಯ ಕೈಯಿಂದ ಗುಂಡಿಯ ಡಬ್ಬಿ ಬಿತ್ತು. "ಅಯ್ಯೋ, ನನ್ನ ಹಾಳು ಬಾಯಿ!" ಎಂದು ಎದ್ದು ಹೊರಗೆ ಹೋದಳು.

ಅಮ್ಮ ಅಂಗಿಯನ್ನು ನನ್ನ ಕೈಗೇ ಕೊಟ್ಟಳು. "ಎಳಿ."

ಎಳೆದೆ. ಏಳೂ ಹೊಲಿಗೆ ಒಂದೇ ಸಲಕ್ಕೆ ಕಿತ್ತುಬಂದವು.

"ನೋಡಿದೆಯಾ? ಒಂದು ಗುಂಡಿ ಹಿಡಿದು ನಿಲ್ಲಿಸೋ ಶಕ್ತಿ ಇಲ್ಲ ಇದಕ್ಕೆ. ಪಾಪು ಅಂಗಿಯೊಳಗೆ ಇರಲ್ಲ ಕಣೆ. ನನ್ನ ಹೊಟ್ಟೆಯೊಳಗೆ ಅದಕ್ಕೇ ಅಂತ ಒಂದು ಚೀಲ ಇದೆ. ಅಲ್ಲಿತ್ತು. ಒದೀತಾ ಇತ್ತು. ಒಂದು ದಿನ ಒದೀಲಿಲ್ಲ."

"ಯಾಕೆ?"

"ಗೊತ್ತಿಲ್ಲ. ಡಾಕ್ಟರಿಗೂ ಗೊತ್ತಿಲ್ಲವಂತೆ."

ನಾನು ಕೇಳಿದ್ದಕ್ಕೆ ಆ ಮನೆಯಲ್ಲಿ ಯಾರಾದರೂ ನೆಟ್ಟಗೆ ಉತ್ತರ ಕೊಟ್ಟದ್ದು ಅದೇ ಮೊದಲು.

ಅಮ್ಮ ಶೆಲ್ಫಿನಿಂದ ಹಳದಿ ಗಂಟು ಇಳಿಸಿದಳು. ಈಗ ಹಲಗೆಗೆ ಹೊಟ್ಟೆ ತಾಗುತ್ತಿರಲಿಲ್ಲ. ಕೈ ಸರಾಗವಾಗಿ ಓಡಿತು. ಪಕ್ಕದ ಹೊಲಿಗೆಗೆ ಬಂದಾಗ ಮೆಷಿನ್ನು ನಿಲ್ಲಿಸಿ, "ಒಳಗೆ ಎಷ್ಟು ಬಟ್ಟೆ ಬಿಡ್ಲಿ?" ಎಂದು ಕೇಳಿದಳು.

"ಬಿಡಬೇಡ" ಅಂದೆ.

ಅವಳು ತುಂಡನ್ನು ನನ್ನ ಪಕ್ಕೆಗೆ ಹಿಡಿದು ನೋಡಿದಳು. ಆಮೇಲೆ ಎರಡು ಬೆರಳು ಬಿಟ್ಟೇ ಹೊಲಿದಳು.