ಮಡಚಿದ ಎರಡು ಚೀಟಿ

ಬೀದಿದೀಪ ಮತ್ತೆ ಫಕ್ಕನೆ ಹೊತ್ತಿತು, ಹಾಳಾದ್ದು, ಕಣ್ಣು ಈಗಷ್ಟೇ ಕತ್ತಲಿಗೆ ಹೊಂದಿಕೊಂಡಿತ್ತು — ರಾಜಶೇಖರ ಮಾಳಿಗೆಯ ಮೂಲೆಗೆ ಸರಿದು ಮತ್ತೆ ಆರ್ದ್ರೆಯತ್ತ ತಲೆಯೆತ್ತಿದ, ಬೆಳಕು ಏರಿಳಿಯುವ ಕೆಂಪು ಆರ್ದ್ರೆ, ದಿಟ್ಟಿಸಬಾರದು, ಕೆಂಪು ನಕ್ಷತ್ರ ದಿಟ್ಟಿಸಿದಷ್ಟೂ ಬೆಳಕು ಉಬ್ಬಿದಂತೆ ಕಾಣುತ್ತದೆ, ಒಂದು ನೋಟ ಅದಕ್ಕೆ, ಒಂದು ನೋಟ ಬಿಳಿ ನಕ್ಷತ್ರ ಪ್ರೋಸಿಯಾನ್‌ಗೆ, ಅದರ ಬೆಳಕು ಬದಲಾಗುವುದಿಲ್ಲ, ಯಾವಾಗಲೂ ಪಾಯಿಂಟ್ ನಾಲ್ಕು, ಅಂಕ ಚಿಕ್ಕದಾದಷ್ಟೂ ಬೆಳಕು ಹೆಚ್ಚು, ಆರ್ದ್ರೆ ಇವತ್ತೂ ಅದಕ್ಕಿಂತ ಮಂಕು, ಪಾಯಿಂಟ್ ಆರು, ಖಂಡಿತ ಆರು, ತಾರಿಹಾಳದ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕೂದಲೆಳೆಯಷ್ಟು ವ್ಯತ್ಯಾಸ ಹಿಡಿಯುವ ಕಣ್ಣು ಇದು, ಆದರೂ ಸಂಕ್ರಾಂತಿಯ ಮರುದಿನದಿಂದ ಚೀಟಿಯಲ್ಲಿ ಮೂರು ಎಂದೇ ಬರೆಯುತ್ತಿದ್ದಾನೆ, ಥೂ. ಪಕ್ಕದಲ್ಲಿ ಮೆಹಬೂಬ, ಗಡಿಯಾರ ರಿಪೇರಿಯ ಮೆಹಬೂಬ, ಇಪ್ಪತ್ತು ವರ್ಷದ ಗೆಳೆಯ, ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದಾನೆ, ಗಾಜು ಸ್ವಚ್ಛವಾಗಿಯೇ ಇದೆ, ಆದರೂ. ನಿಯಮ ಅವನದೇ, ಆರ್ದ್ರೆಯ ಬೆಳಕಿನ ಅಂಕ ಇಬ್ಬರೂ ಬಾಯಿಬಿಟ್ಟು ಹೇಳಬಾರದು, ಬರೆದು ಮಡಚಿ ಒಟ್ಟಿಗೆ ಬಿಚ್ಚಬೇಕು, ಸಂಕ್ರಾಂತಿಯಂದು ಬಿಚ್ಚಿದಾಗ ಅವನದು ಮೂರು, ತನ್ನದು ಆರು, ನಿನ್ನ ಕಣ್ಣಿಗೆ ಏನರ ಆಗೇತಿ ತೋರ್ಸ್ಕೋ ರಾಜಣ್ಣಾ ಎಂದು ನಕ್ಕಿದ್ದ, ಆ ನಗು ಎದೆಯಲ್ಲಿ ಕೂತುಬಿಟ್ಟಿತು, ಕಣ್ಣು ಹೋದರೆ ಲೇತೂ ಹೋಯಿತು, ಮರುದಿನದಿಂದ ಕಂಡದ್ದರಲ್ಲಿ ಮೂರು ಕಳೆದು ಬರೆದ, ಪ್ರತಿ ಸಲ ಮೆಹಬೂಬನಿಗೆ ಹಿಗ್ಗೋ ಹಿಗ್ಗು, ಇಬ್ರದೂ ಒಂದ ಬಂತು ನೋಡು, ಆರ್ದ್ರಾ ಬೆಳಗಾಕತ್ತೈತಿ, ಖರೇನ ಬೆಳಗಾಕತ್ತೈತಿ.

ಇವತ್ತು ಮಧ್ಯಾಹ್ನ ಗೋಕುಲ ರಸ್ತೆಯ ಕಣ್ಣಿನ ಡಾಕ್ಟರು, ಕೊನೆಗೂ ಧೈರ್ಯ ಮಾಡಿ ಹೋದದ್ದು, ನಿಮ್ಮ ಕಣ್ಣು ಛಲೋ ಅದಾವ್ರಿ ಕಾಕಾ, ಹಂಗಾದ್ರ ಕೆಂಪು ಮಾತ್ರ ಹೆಚ್ಚಿಗಿ ಬೆಳಗೂದು ಯಾರಿಗ್ರಿ ಡಾಕ್ಟ್ರ, ಕಣ್ಣಾಗ ಪೊರಿ ಬಂದವ್ರಿಗ್ರಿ, ಬಿಳೀದು ಹಳದಿ ಆಗಿ ಮಬ್ಬಾಗ್ತೈತಿ, ಕೆಂಪಿಗೆ ಅಷ್ಟ್ ತ್ರಾಸಿಲ್ಲ — ಅಲ್ಲಿಂದ ಗೋಪನಕೊಪ್ಪದ ಮನೆಗೆ ಸ್ಕೂಟರ್ ಹೇಗೆ ಬಂತೋ. ಮೊನ್ನೆ ತನ್ನ ಬಿಳಿ ಅಂಗಿಯನ್ನು ಮೆಹಬೂಬ ಹಳದಿ ಎಂದದ್ದು, ಯಾರದೋ ಕೈಗಡಿಯಾರದ ಸ್ಪ್ರಿಂಗ್ ಮುರಿದು ಆ ಗಿರಾಕಿಯ ಬಾಯಿಗೆ ಸಿಕ್ಕದ್ದು, ಅಂಗಡಿಯಲ್ಲೂ ಹೀಗೇ ಕನ್ನಡಕ ಒರೆಸುತ್ತ ಕೂತಿದ್ದ, ಆರು ಎಂದೇ ಬರೆಯುತ್ತಿದ್ದರೆ ಇಬ್ಬರಲ್ಲಿ ಯಾರ ಕಣ್ಣು ಕೆಟ್ಟಿದೆ ಅಂತ ಎರಡೇ ವಾರದಲ್ಲಿ ತಿಳಿಯುತ್ತಿತ್ತು, ಎಂಥ ಹೇಡಿ ತಾನು, ಗೆಳೆಯನ ಕಣ್ಣು ಹೋಗುವುದಕ್ಕೆ ದಿನಾ ಸಹಿ ಹಾಕಿದ ಹಾಗೆ — ಬರದೀ ಏನ್ ರಾಜಣ್ಣಾ, ಮಾಳಿಗೆಯ ಕತ್ತಲಲ್ಲಿ ಮೆಹಬೂಬನ ದನಿ, ಬರದೆ, ಚೀಟಿ ಬೆವರಿಗೆ ಒದ್ದೆ, ಕೊಡಲೇ, ನಾಳೆ ಹೇಳಿದರಾಯಿತು, ನಾಳೆ ಮತ್ತೆ ನಾಳೆ, ಮೆಹಬೂಬ ಕೈ ಚಾಚಿ ಕಸಿದುಕೊಂಡೇಬಿಟ್ಟ, ಬಿಚ್ಚಿದ, ಕೆಂಪು ಟಾರ್ಚಿನಡಿ ಮೂಗಿನ ಹತ್ತಿರ ತಂದ, ಆರು? ಒಂದ ದಿನದಾಗ ಇಷ್ಟ್ ಇಳೀತೇನು, ಇಳದಿಲ್ಲೋ ಮೆಹಬೂಬ, ಅದು ಏರೇ ಇರ್ಲಿಲ್ಲ, ನಾ ಸುಳ್ಳು ಬರದಿದ್ದೆ, ನನ್ನ ಕಣ್ಣು ಛಲೋ ಅದಾವಂತ, ನಾಳೆ ನೀ ನನ್ನ ಸಂಗಾಟ ಡಾಕ್ಟರ ಕಡೆ ಬಾ. ಬೈಯಲಿ, ಒಂದು ಏಟು ಹಾಕಲಿ, ಮೆಹಬೂಬ ಪ್ರೋಸಿಯಾನ್ ಕಡೆ ನೋಡಿದ, ಕನ್ನಡಕ ತೆಗೆದ, ಅಂಗಿಯ ತುದಿ ಹಿಡಿದ, ಒರೆಸಿದ, ಸ್ವಚ್ಛವಾದ ಗಾಜನ್ನು, ಮತ್ತೆ ಒರೆಸಿದ.